ನಾಲ್ಕು ಊರದನ, ಒಂದು ಜರ್ಸಿ, ಒಂದು ಕರು: ಹಟ್ಟಿಗೂ ತೋಡಿನ ಕಟ್ಟಕ್ಕೂ ನೆರವು ಎಲ್ಲಿಂದ ಕೇಳಲು ಶುರು ಮಾಡಲಿ?

ಪ್ರಶ್ನೆ
ಪೆರ್ಡೂರಿನ ಮಗಳು, 3 ನವೆಂಬರ್ 2024

ಎಲ್ಲರಿಗೂ ನಮಸ್ಕಾರ. ನಿನ್ನೆ ನಮ್ಮಲ್ಲಿ ಗೋಪೂಜೆ. ದನಗಳ ಮೈ ತೊಳೆದು, ಕೊರಳಿಗೆ ಗೊಂಡೆ ಹೂವಿನ ಮಾಲೆ ಹಾಕಿ, ಬಾಳೆಲೆಯಲ್ಲಿ ಗಟ್ಟಿ, ಅವಲಕ್ಕಿ, ಬೆಲ್ಲ ಇಟ್ಟು ಅಮ್ಮ ಆರತಿ ಎತ್ತುತ್ತಿದ್ದರು. ಆಗ ಹಟ್ಟಿಯ ಮಾಡಿನಿಂದ ಒಂದು ಹಂಚು ಕಳಚಿ ಅಮ್ಮನ ಕಾಲ ಬುಡದಲ್ಲೇ ಬಿದ್ದು ಚೂರಾಯಿತು. ಅಮ್ಮ ಆರತಿ ನಿಲ್ಲಿಸಲಿಲ್ಲ. ನನಗೆ ಮಾತ್ರ ರಾತ್ರಿಯಿಡೀ ನಿದ್ದೆ ಹತ್ತಲಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನಮ್ಮದು ಪೆರ್ಡೂರಿನಿಂದ ಹೆಬ್ರಿಗೆ ಹೋಗುವ ದಾರಿಯಲ್ಲಿ ಒಳಗೆ ತಿರುಗಿದರೆ ಸಿಗುವ ಮನೆ. ನಾನು ಹದಿನಾರು ವರ್ಷ ಮಂಗಳೂರಿನ ಹಂಪನಕಟ್ಟೆಯಲ್ಲಿ ಬಟ್ಟೆ ಅಂಗಡಿಯೊಂದರ ಲೆಕ್ಕ ಬರೆಯುತ್ತಿದ್ದೆ. ಕಳೆದ ವರ್ಷ ಜುಲೈಯಲ್ಲಿ ಅಮ್ಮ ಹಟ್ಟಿಯ ಮಣ್ಣಿನ ನೆಲದಲ್ಲಿ ಜಾರಿ ಬಿದ್ದು ಎಡಗೈ ಮುರಿದುಕೊಂಡರು. ಅವರಿಗೆ ಈಗ ಎಪ್ಪತ್ತೊಂದು. ದನಗಳನ್ನು ಕೊಟ್ಟುಬಿಡೋಣ ಎಂದು ಅಣ್ಣ ಫೋನಿನಲ್ಲಿ ಹೇಳಿದಾಗ ಅಮ್ಮ ಎರಡು ದಿನ ಯಾರೊಂದಿಗೂ ಮಾತನಾಡಲಿಲ್ಲ. ನಾನು ಕೆಲಸ ಬಿಟ್ಟು ಮನೆಗೆ ಬಂದೆ.

ಹಟ್ಟಿಯಲ್ಲಿ ಆರು ತಲೆ ಇವೆ. ಬೊಳ್ಳಿ, ಕಾಳಿ, ಕೆಂಪಿ, ತುಂಬೆ, ಈ ನಾಲ್ಕು ನಮ್ಮ ಊರದನಗಳು; ಮಲೆನಾಡು ಗಿಡ್ಡ ಎನ್ನುತ್ತಾರಲ್ಲ, ಅದೇ. ಕಾಳಿಯ ಬೆನ್ನು ನನ್ನ ಸೊಂಟಕ್ಕೂ ಬರುವುದಿಲ್ಲ. ಒಂದು ಜರ್ಸಿ ಮಿಶ್ರತಳಿ, ಲಕ್ಷ್ಮಿ. ಮತ್ತೆ ಅವಳ ಹೆಣ್ಣುಕರು. ಡೈರಿಗೆ ಹೋಗುವುದು ಲಕ್ಷ್ಮಿಯ ಹಾಲು ಮಾತ್ರ. ಗಿಡ್ಡಗಳು ಕರು ಹಾಕಿದಾಗ ಹೊತ್ತಿಗೆ ಒಂದು ಲೀಟರ್ ಕೊಟ್ಟರೆ ಹೆಚ್ಚು, ಅದು ಮನೆಗೇ ಆಗುತ್ತದೆ. ಆದರೆ ಲಕ್ಷ್ಮಿಗೆ ತಿಂಗಳಿಗೊಮ್ಮೆ ಡಾಕ್ಟರು ಬರಬೇಕು, ಮೂಟೆ ಮೂಟೆ ಹಿಂಡಿ ಬೇಕು. ಗಿಡ್ಡಗಳು ಬೆಳಗ್ಗೆ ಗುಡ್ಡೆಗೆ ಹೋಗಿ ಸಂಜೆ ತಾವೇ ಬರುತ್ತವೆ. ಬಂದ ಕೂಡಲೇ ಒಂದು ಬಾಲ್ದಿ ಅಕ್ಕಚ್ಚು ಕುಡಿದು, ಅಮ್ಮನ ಅಂಗೈಯ ಉಪ್ಪು ನೆಕ್ಕಿ, ಕಣ್ಣು ಅರೆ ಮುಚ್ಚಿ ಮೆಲುಕು ಹಾಕುತ್ತ ನಿಲ್ಲುತ್ತವೆ. ನಾನು ಬಂದ ಮೇಲೆ ಒಮ್ಮೆಯೂ ಅವುಗಳಿಗಾಗಿ ಡಾಕ್ಟರಿಗೆ ಫೋನ್ ಮಾಡಿಲ್ಲ.

ಜಾಗ ಒಂದು ಎಕರೆ ನಲವತ್ತು ಸೆಂಟ್ಸ್. ಪಹಣಿ ಇನ್ನೂ ಅಜ್ಜಿಯ ಹೆಸರಿನಲ್ಲಿದೆ. ಮನೆಯ ಮೇಲಿನ ಗುಡ್ಡೆ ಕುಮ್ಕಿ, ಅಂದರೆ ನಮ್ಮ ಜಾಗಕ್ಕೆ ತಾಗಿದ ಸರಕಾರಿ ಜಾಗ. ಕೆಳಗೆ ತೋಡು, ಸಣ್ಣ ಹಳ್ಳ. ಅಪ್ಪ ಇರುವಾಗ ಪ್ರತಿ ಡಿಸೆಂಬರಿನಲ್ಲಿ ನಾಲ್ಕು ಮನೆಯವರು ಸೇರಿ ನೀರು ನಿಲ್ಲಿಸಲು ಆ ತೋಡಿಗೆ ಅಡ್ಡಲಾಗಿ ಕಟ್ಟ ಹಾಕುತ್ತಿದ್ದರು. ಏಪ್ರಿಲ್ ಮುಗಿಯುವವರೆಗೂ ತೋಡಿನ ಬದಿಯ ಗದ್ದೆಯಲ್ಲಿ ಹಸಿಹುಲ್ಲು ಇರುತ್ತಿತ್ತು, ಬಾವಿಯಲ್ಲಿ ಎರಡು ಆಳು ನೀರು ಇರುತ್ತಿತ್ತು. ಅಪ್ಪ ಹೋಗಿ ಒಂಬತ್ತು ವರ್ಷವಾಯಿತು, ಕಟ್ಟ ಹಾಕದೆಯೂ ಅಷ್ಟೇ ವರ್ಷವಾಯಿತು. ಈ ವರ್ಷ ಮಾರ್ಚಿನಲ್ಲೇ ಬಾವಿಯ ತಳದ ಕಲ್ಲು ಕಂಡಿತು.

ಸೆಪ್ಟೆಂಬರಿನಲ್ಲಿ ಒಂದು ಕಚೇರಿಗೆ ಹೋಗಿದ್ದೆ. ಯಾವುದೆಂದು ಹೇಳುವುದಿಲ್ಲ. ಅಲ್ಲಿದ್ದವರು ತಲೆ ಎತ್ತದೆ, "ಜರ್ಸಿ ಎಷ್ಟಿವೆ? ಒಂದೇಯಾ? ಊರದನಕ್ಕೆಲ್ಲ ಏನೂ ಬರುವುದಿಲ್ಲ" ಎಂದು ಹೇಳಿ ಕಳುಹಿಸಿದರು. ಬಸ್ಸಿನಲ್ಲಿ ಕೂತು ಬರುವಾಗ ಹೊಟ್ಟೆ ಉರಿಯಿತು. ನಾಲ್ಕು ತಲೆಮಾರು ಗದ್ದೆಗೆ ಗೊಬ್ಬರ ಕೊಟ್ಟ ದನಗಳು ಯಾವ ಲೆಕ್ಕದಲ್ಲೂ ಇಲ್ಲವೇ?

ಈಗ ಇನ್ನೂರು ಮುರಕಲ್ಲು ತರಿಸಿ ಅಂಗಳದಲ್ಲಿ ಇಳಿಸಿದ್ದೇನೆ. ಸೋಮವಾರ ಮೇಸ್ತ್ರಿ ಬಂದು ಹಳೆಯ ಹಟ್ಟಿ ಕಿತ್ತು ಹೊಸದಕ್ಕೆ ಪಂಚಾಂಗ (ಅಡಿಪಾಯ) ತೋಡುವವರಿದ್ದಾರೆ. ಅರ್ಜಿ ಆಮೇಲೆ ಹಾಕಿದರೆ ಆಗುತ್ತದೆಯೇ? ಊರದನ ಸಾಕುವವರಿಗೆ ನಿಜವಾಗಿ ಏನಾದರೂ ಇದೆಯೇ? ಕಟ್ಟಕ್ಕೆ ಯಾರನ್ನು ಕೇಳಬೇಕು? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

---

ಮಾಜಿ ಸದಸ್ಯ, ಕಾರ್ಕಳ, 3 ನವೆಂಬರ್ 2024

ತಂಗಿ, ಮೊದಲು ಮೇಸ್ತ್ರಿಗೆ ಫೋನ್ ಮಾಡಿ ಸೋಮವಾರ ಬರಬೇಡಿ ಎಂದು ಹೇಳಿ. ಉಳಿದದ್ದನ್ನು ಆಮೇಲೆ ಓದಿ.

ನಾನು ಹತ್ತು ವರ್ಷ ಗ್ರಾಮ ಪಂಚಾಯತ್ ಸದಸ್ಯನಾಗಿದ್ದೆ. ನನ್ನ ವಾರ್ಡಿನಲ್ಲಿ ಎಷ್ಟೋ ಮನೆಯವರು ಹೀಗೆಯೇ ಕೈ ಸುಟ್ಟುಕೊಂಡಿದ್ದಾರೆ. ಕಟ್ಟಿ ಮುಗಿಸಿ, ಸುಣ್ಣ ಬಳಿದು, ಆಮೇಲೆ ಅರ್ಜಿ ಹಿಡಿದು ಬರುತ್ತಿದ್ದರು. ಉದ್ಯೋಗ ಖಾತರಿಯ ನರೇಗಾ ಯೋಜನೆಯಲ್ಲಿ ಮೊದಲ ಫೋಟೋ ಖಾಲಿ ಜಾಗದ್ದು. ಕೆಲಸಕ್ಕೆ ಮುಂಚೆ ಒಂದು, ನಡೆಯುವಾಗ ಒಂದು, ಮುಗಿದ ಮೇಲೆ ಒಂದು, ಮೂರು ಹಂತದಲ್ಲಿ ಜಾಗದ ಗುರುತಿನ ಸಮೇತ ಫೋಟೋ ಏರಬೇಕು. ಮೊದಲನೆಯದು ಇಲ್ಲದಿದ್ದರೆ ಕಂಪ್ಯೂಟರಿನಲ್ಲಿ ಕಾಮಗಾರಿ ತೆರೆಯುವುದೇ ಇಲ್ಲ. ಯಾವ ಅಧಿಕಾರಿಗೆ ಕೈ ಮುಗಿದರೂ ಆಗುವುದಿಲ್ಲ.

ಹಟ್ಟಿಗೆ ನರೇಗಾದಲ್ಲಿ 57,000 ರೂಪಾಯಿವರೆಗೆ ಸಿಗುತ್ತದೆ. ಇದಕ್ಕೆ ಜರ್ಸಿಯೇ ಬೇಕೆಂಬ ನಿಯಮವಿಲ್ಲ, ನಿಮ್ಮನ್ನು ತಲೆ ಎತ್ತದೆ ಕಳುಹಿಸಿದವರು ತಪ್ಪು ಹೇಳಿದ್ದಾರೆ. ಐದು ಎಕರೆಯ ಒಳಗಿನ ಸಣ್ಣ ರೈತರು ವೈಯಕ್ತಿಕ ಕಾಮಗಾರಿ ಕೇಳಬಹುದು, ನಿಮ್ಮದು ಅದರಲ್ಲಿ ಸರಿಯಾಗಿ ಕೂರುತ್ತದೆ. ಉದ್ಯೋಗ ಚೀಟಿ ಇದೆಯೇ? ಇಲ್ಲದಿದ್ದರೆ ನಾಳೆಯೇ ಪಂಚಾಯತಿಗೆ ಹೋಗಿ ನಿಮ್ಮದೂ ಅಮ್ಮನದೂ ಹೆಸರು ಬರೆಸಿ. ಮುಂದಿನ ವರ್ಷದ ಕ್ರಿಯಾ ಯೋಜನೆಗೆ ಬೇಡಿಕೆ ಪಡೆಯುವ ಕಾಲ ಇದೇ. ಹಟ್ಟಿ ಎಂದು ಬರೆದು ಅರ್ಜಿ ಕೊಡಿ, ಅರ್ಜಿ ತಲುಪಿದೆ ಎಂಬ ಹಿಂಬರಹ ಪಡೆಯಿರಿ, ಗ್ರಾಮಸಭೆಯ ದಿನ ಹೋಗಿ ಕುಳಿತು ನಿಮ್ಮ ಹೆಸರು ಓದುವವರೆಗೆ ಏಳಬೇಡಿ. ಪಟ್ಟಿ ಮೇಲೆ ಹೋಗಿ ಅನುಮೋದನೆಯಾಗಿ ಬರುವಾಗ ಏಪ್ರಿಲ್ ಆಗುತ್ತದೆ. ಆಗ ಕೆಲಸದ ಆದೇಶ ಕೈಗೆ ಬಂದ ಮೇಲೆ ಹಳೆಯ ಹಟ್ಟಿಗೆ ಕೈ ಹಾಕಿ. ಮಳೆಗೆ ಎರಡು ತಿಂಗಳು ಸಿಗುತ್ತದೆ, ಸಾಕು.

ಹಣದ ಬಗ್ಗೆ ನೇರವಾಗಿ ಹೇಳುತ್ತೇನೆ. ಆ ಮೊತ್ತದಲ್ಲಿ ಒಂದು ಪಾಲು ಕೂಲಿ. ಈ ವರ್ಷ, 2024-25ರಲ್ಲಿ, ದಿನಕ್ಕೆ 349 ರೂಪಾಯಿ, ಕೆಲಸ ಮಾಡಿದವರ ಖಾತೆಗೆ ಬೀಳುತ್ತದೆ. ನಿಮ್ಮ ಮನೆಯ ಹಟ್ಟಿಗೆ ನೀವೇ ಕಲ್ಲು ಹೊತ್ತರೂ ಕೂಲಿ ಸಿಗುತ್ತದೆ, ಹಾಜರಿ ಹಾಕಿಸಬೇಕು ಅಷ್ಟೆ. ದೊಡ್ಡ ಪಾಲು ಸಾಮಗ್ರಿಯದ್ದು, ಅದು ತಡವಾಗುತ್ತದೆ. ನಮ್ಮಲ್ಲಿ ಕೆಲವರಿಗೆ ಎಂಟು ತಿಂಗಳ ಮೇಲೆ ಬಂತು. ಅಂಗಡಿಯಿಂದ ಸರಿಯಾದ ಬಿಲ್ ಇಟ್ಟುಕೊಳ್ಳಿ, ಕೈಯಿಂದ ಮೊದಲು ಹಾಕಲು ಸ್ವಲ್ಪ ದುಡ್ಡು ಇರಲಿ. ಆ ದುಡ್ಡಿಗೆ ಬಡ್ಡಿಯವರ ಬಾಗಿಲಿಗೆ ಹೋಗಬೇಡಿ. ಹೈನುಗಾರಿಕೆಗೂ ಈಗ ಕಿಸಾನ್ ಕ್ರೆಡಿಟ್ ಕಾರ್ಡ್ ಇದೆ. ಎರಡು ಲಕ್ಷದವರೆಗೆ ಶೇಕಡಾ 7ರ ಬಡ್ಡಿ, ಹೇಳಿದ ದಿನಕ್ಕೆ ಕಟ್ಟಿದರೆ ಶೇಕಡಾ 4ಕ್ಕೆ ಇಳಿಯುತ್ತದೆ. ಅದು ಹಿಂಡಿ, ಹುಲ್ಲು, ಔಷಧಿಯ ಖರ್ಚಿಗೆಂದು ಕೊಡುವ ಸಾಲ. ಆ ಖರ್ಚು ಅದರಲ್ಲಿ ನಡೆದರೆ ನಿಮ್ಮ ಹಾಲಿನ ದುಡ್ಡು ಕೈಯಲ್ಲಿ ಉಳಿಯುತ್ತದೆ.

ಇನ್ನು ಪಹಣಿ. ಗಟ್ಟಿ ಗಂಟು ಇರುವುದು ಅಲ್ಲೇ. ಅಜ್ಜಿಯ ಹೆಸರಿನಲ್ಲೇ ಇದ್ದರೆ ನಾಡಕಚೇರಿಯಲ್ಲಿ ವಂಶವೃಕ್ಷ ಮಾಡಿಸಿ ಪೌತಿ ಖಾತೆಗೆ, ಅಂದರೆ ತೀರಿಹೋದವರ ಜಾಗವನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಅರ್ಜಿ ಹಾಕಿ. ಅದು ಎಳೆಯಬಹುದು. ಅಷ್ಟರವರೆಗೆ ಹಕ್ಕುದಾರರೆಲ್ಲರ ಒಪ್ಪಿಗೆ ಪತ್ರವನ್ನು ಛಾಪಾ ಕಾಗದದಲ್ಲಿ ಮಾಡಿಸಿದರೆ ಪಂಚಾಯತಿನಲ್ಲಿ ಸಾಮಾನ್ಯವಾಗಿ ಒಪ್ಪುತ್ತಾರೆ. ಜಾಗ ಹೆಸರಿಗೆ ಆದ ಮೇಲೆ ರೈತ ಸಂಪರ್ಕ ಕೇಂದ್ರದಲ್ಲಿ ಫ್ರೂಟ್ಸ್ ಎಂಬ ರೈತರ ದಾಖಲೆಯಲ್ಲಿ ನೋಂದಣಿ ಮಾಡಿಸಿ ಎಫ್‌ಐಡಿ, ಅಂದರೆ ರೈತರ ಗುರುತಿನ ಸಂಖ್ಯೆ, ತೆಗೆಯಿರಿ. ಎಲ್ಲ ಸರ್ವೆ ನಂಬರುಗಳೂ ಅದರಲ್ಲಿ ಸೇರಿವೆಯೇ ಎಂದು ಅಲ್ಲೇ ನಿಂತು ನೋಡಿ. ಒಂದು ಬಿಟ್ಟುಹೋದರೆ ಆ ಜಾಗ ಯಾವ ಯೋಜನೆಗೂ ಕಾಣುವುದಿಲ್ಲ.

ಮತ್ತೊಂದು ಮಾತು. ಹಟ್ಟಿಯ ಒಂದು ಮೂಲೆಯೂ ಕುಮ್ಕಿಗೆ ಹೋಗಬಾರದು. ಕುಮ್ಕಿಯಲ್ಲಿ ಸೊಪ್ಪು ಕೊಯ್ಯಬಹುದು, ದನ ಮೇಯಿಸಬಹುದು. ಅದು ಸರಕಾರಿ ಜಾಗವೇ.

---

ಪೆರ್ಡೂರಿನ ಮಗಳು, 4 ನವೆಂಬರ್ 2024

ಅಣ್ಣಾ, ನಿಮಗೆ ಹೇಗೆ ಧನ್ಯವಾದ ಹೇಳಲಿ? ಮೇಸ್ತ್ರಿಗೆ ರಾತ್ರಿಯೇ ಫೋನ್ ಮಾಡಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ, "ಹಾಗಾದರೆ ಬಿದ್ದ ಹಂಚು ಹಾಕಿಕೊಡುತ್ತೇನೆ, ಏಪ್ರಿಲಿನವರೆಗೆ ನಿಲ್ಲುತ್ತದೆ" ಎಂದು ಬಂದು ಹನ್ನೆರಡು ಹಂಚು ಬದಲಿಸಿ ಹೋದರು. ಕಲ್ಲುಗಳನ್ನು ಮನೆಯ ಹಿಂದೆ ಅಟ್ಟಿ ಇಟ್ಟೆವು. ಅಜ್ಜಿಗೆ ನಾಲ್ವರು ಮಕ್ಕಳು. ಅಮ್ಮನ ಇಬ್ಬರು ಅಕ್ಕಂದಿರಲ್ಲಿ ದೊಡ್ಡವರು ಬೊಂಬಾಯಿಯಲ್ಲಿದ್ದಾರೆ, ಇನ್ನೊಬ್ಬರು ಬೈಂದೂರಿನಲ್ಲಿ. ಮಾವ ಊರಲ್ಲೇ ಇದ್ದಾರೆ. ಒಬ್ಬೊಬ್ಬರನ್ನಾಗಿ ಕೇಳಲು ಶುರು ಮಾಡುತ್ತೇನೆ.

ಆದರೆ ದನಗಳಿಗೇ ಏನಾದರೂ ಇದೆಯೇ ಎನ್ನುವುದು ನನಗೆ ಇನ್ನೂ ತಿಳಿಯಲಿಲ್ಲ.

---

ಪಶು ಸಖಿ, ಬ್ರಹ್ಮಾವರ ಕಡೆ, 5 ನವೆಂಬರ್ 2024

ಅಕ್ಕ, ನಿಮ್ಮ ಕಾಳಿಯ ಬಗ್ಗೆ ಓದಿ ನನಗೆ ನಮ್ಮ ಮನೆಯ ಕಪಿಲೆ ನೆನಪಾದಳು. ನಾನು ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದಿಂದ ಪಶು ಸಖಿಯಾಗಿ, ದನ ಸಾಕುವವರಿಗೆ ಸಲಹೆ ಕೊಡಲು, ಮನೆಮನೆಗೆ ಹೋಗುತ್ತೇನೆ. ನಿಮ್ಮ ಊರದನಗಳ ಕಿವಿಗೆ ಓಲೆ ಇದೆಯೇ? ಹಳದಿ ಬಿಲ್ಲೆ, ಹನ್ನೆರಡು ಅಂಕೆಯ ಸಂಖ್ಯೆ. ಗುಡ್ಡೆಗೆ ಹೋಗುವ ದನಗಳಿಗೆ ಹಲವರು ಹಾಕಿಸುವುದೇ ಇಲ್ಲ, ಡಾಕ್ಟರು ಬಂದಾಗ ಅವು ಹಟ್ಟಿಯಲ್ಲಿ ಇರುವುದೂ ಇಲ್ಲ. ಆ ಸಂಖ್ಯೆ ಇಲ್ಲದಿದ್ದರೆ ಸರಕಾರದ ಪಾಲಿಗೆ ಆ ದನ ಹುಟ್ಟಿಯೇ ಇಲ್ಲ. ಲಸಿಕೆಯ ದಾಖಲೆಯೂ ಇಲ್ಲ, ವಿಮೆಯೂ ಇಲ್ಲ.

ವಿಮೆಯ ವಿಚಾರ ಗಮನವಿಟ್ಟು ಓದಿ. ಈ ವರ್ಷ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ ರೈತರ ಪಾಲನ್ನು ಪ್ರೀಮಿಯಮ್ಮಿನ ಶೇಕಡಾ 15ಕ್ಕೆ ಇಳಿಸಿದೆ. ಉಳಿದದ್ದನ್ನು ಕೇಂದ್ರ ಮತ್ತು ರಾಜ್ಯ 60:40ರಂತೆ ಹಂಚಿಕೊಳ್ಳುತ್ತವೆ. ಮೊದಲು ಒಬ್ಬರಿಗೆ ಐದು ದನಕ್ಕೆ ಮಿತಿ ಇತ್ತು, ಈಗ ಹತ್ತು. ಗಿಡ್ಡಕ್ಕೂ ಮಾಡಿಸಬಹುದು, ಬೆಲೆ ಕಡಿಮೆ ಹಾಕುತ್ತಾರೆ ಅಷ್ಟೆ. ಓಲೆ ಕಾಣುವಂತೆ ದನದ ಪಕ್ಕ ನೀವು ನಿಂತು ಒಂದು ಫೋಟೋ ತೆಗೆದಿಡಿ. ಬೇಲಿಗೆ ಸಿಕ್ಕಿ ಓಲೆ ಕಿತ್ತುಹೋದರೆ ಅದೇ ದಿನ ಪಶು ಆಸ್ಪತ್ರೆಗೆ ತಿಳಿಸಿ ಬೇರೆ ಹಾಕಿಸಿ. ನಮ್ಮ ಪಕ್ಕದ ಮನೆಯವರ ದನ ಸಿಡಿಲು ಹೊಡೆದು ಸತ್ತಿತು. ಓಲೆ ಬಿದ್ದುಹೋಗಿತ್ತೆಂಬ ಒಂದೇ ಕಾರಣಕ್ಕೆ ಹಣ ಬರಲಿಲ್ಲ. ಆ ಅಮ್ಮ ಕಿವಿಯ ತೂತು ತೋರಿಸಿ ತೋರಿಸಿ ಅತ್ತರು.

ಕಾಲುಬಾಯಿ ಜ್ವರದ ಲಸಿಕೆ ವರ್ಷಕ್ಕೆ ಎರಡು ಸಲ ಉಚಿತ. ಹೆಣ್ಣುಕರುವಿಗೆ ನಾಲ್ಕರಿಂದ ಎಂಟು ತಿಂಗಳ ಒಳಗೆ ಕಂದು ರೋಗದ (ಬ್ರುಸೆಲ್ಲೋಸಿಸ್) ಲಸಿಕೆ ಒಮ್ಮೆ ಹಾಕಿಸಬೇಕು, ಆ ವಯಸ್ಸು ದಾಟಿದರೆ ಆಗುವುದಿಲ್ಲ. ಲಕ್ಷ್ಮಿಯ ಕರುವಿಗೆ ಎಷ್ಟು ತಿಂಗಳು? 2022ರಲ್ಲಿ ಚರ್ಮಗಂಟು ರೋಗ ಬಂದಾಗ ಎಷ್ಟು ಹಟ್ಟಿ ಬರಿದಾಯಿತು ಎಂದು ನೀವೂ ನೋಡಿರುತ್ತೀರಿ. ತುರ್ತಾಗಿ ಏನಾದರೂ ಆದರೆ 1962ಕ್ಕೆ ಕರೆ ಮಾಡಿ, ಸಂಚಾರಿ ಪಶು ಚಿಕಿತ್ಸಾ ವಾಹನದ ಸಂಖ್ಯೆ ಅದು.

ಡೈರಿಗೆ ಹಾಕುವ ಹಾಲಿಗೆ ಲೀಟರಿಗೆ ರಾಜ್ಯದ 5 ರೂಪಾಯಿ ಪ್ರೋತ್ಸಾಹಧನ ಬರುತ್ತಿದೆಯೇ? ಬರದಿದ್ದರೆ ಬ್ಯಾಂಕಿನಲ್ಲಿ ಆಧಾರ್ ಜೋಡಣೆಯಾಗಿದೆಯೇ ಎಂದು ಕೇಳಿ. ಸದಸ್ಯತ್ವ ಅಪ್ಪನ ಹೆಸರಿನಲ್ಲೇ ಉಳಿದಿದ್ದರೆ ಅಮ್ಮನ ಹೆಸರಿಗೆ ಬದಲಿಸಿ. ಹುಲ್ಲಿನ ಬೇರು, ರಬ್ಬರ್ ಹಾಸು, ಹುಲ್ಲು ಕತ್ತರಿಸುವ ಯಂತ್ರ ಮುಂತಾದುವಕ್ಕೆ ಹಾಲು ಒಕ್ಕೂಟದ ನೆರವು ಡೈರಿಯ ಮೂಲಕವೇ ಬರುವುದು. ಅಮ್ಮ ಜಾರಿ ಬಿದ್ದದ್ದನ್ನು ಹೇಳಿದ್ದೀರಲ್ಲ, ರಬ್ಬರ್ ಹಾಸನ್ನು ಮೊದಲು ಕೇಳಿ.

ಗಿಡ್ಡಗಳಿಗೆ ಜರ್ಸಿ ವೀರ್ಯ ಕೊಡಿಸಬೇಡಿ ಅಕ್ಕ. ಸಣ್ಣ ದನದ ಹೊಟ್ಟೆಯಲ್ಲಿ ಕರು ದೊಡ್ಡದಾಗಿ ಹೆರಿಗೆಯಲ್ಲಿ ಒದ್ದಾಡುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮಲೆನಾಡು ಗಿಡ್ಡದ್ದೇ ಬೇಕು ಎಂದು ಆಸ್ಪತ್ರೆಯಲ್ಲಿ ಮುಂಚಿತವಾಗಿ ಹೇಳಿಡಿ. ಸಿಗದಿದ್ದರೆ ಊರ ಹೋರಿ ಎಲ್ಲಿದೆ ಎಂದು ಹುಡುಕಿ.

ಕೊನೆಯದಾಗಿ, ಅಕ್ಟೋಬರ್ 25ರಿಂದ ಇಪ್ಪತ್ತೊಂದನೆಯ ಜಾನುವಾರು ಗಣತಿ ಶುರುವಾಗಿದೆ. ಫೆಬ್ರವರಿಯವರೆಗೆ ಇರುತ್ತದೆ. ಅದರಲ್ಲಿ ತಳಿಯನ್ನೂ ಬರೆಯುತ್ತಾರೆ. ಮಲೆನಾಡು ಗಿಡ್ಡ ಸರಕಾರವೇ ಮಾನ್ಯ ಮಾಡಿದ ತಳಿ, ಬರೀ "ನಾಟಿ ದನ" ಎಂದು ಬರೆಯಲು ಬಿಡಬೇಡಿ. ಎಷ್ಟು ಉಳಿದಿವೆ ಎಂದು ಲೆಕ್ಕ ಸಿಗದೆ ಯಾರು ಯಾವ ಯೋಜನೆ ಮಾಡುತ್ತಾರೆ?

---

ಕೋಟೇಶ್ವರದವ, ಈಗ ನೆಬ್ರಾಸ್ಕಾ, 7 ನವೆಂಬರ್ 2024

ನಾನು ಅಮೆರಿಕದ ನೆಬ್ರಾಸ್ಕಾದಲ್ಲಿ ಪಶು ಆಹಾರದ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ. ಮರಳುದಿಬ್ಬದ ಮೇಲೆ ಹುಲ್ಲು ಬೆಳೆದ ಸೀಮೆ, ಸ್ಯಾಂಡ್‌ಹಿಲ್ಸ್ ಎನ್ನುತ್ತಾರೆ. ಕಣ್ಣು ಹಾಯಿಸಿದಷ್ಟು ದೂರ ದನಗಳೇ. ಒಬ್ಬರ ಹತ್ತಿರ ಐನೂರು, ಸಾವಿರ ತಲೆ. ನಿಮ್ಮ ಆರು ದನಗಳಿಗೂ ಇಲ್ಲಿಯದಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಮಾಜಿ ಸದಸ್ಯರು ಹೇಳಿದ ಮೊದಲ ಮಾತನ್ನು ನಾನು ಇಲ್ಲಿಯೂ ಕೇಳಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿ ಪ್ರತಿ ಕೌಂಟಿಗೆ ಹತ್ತಿರದಲ್ಲಿ ಕೃಷಿ ಇಲಾಖೆಯ ಒಂದು ಸೇವಾ ಕೇಂದ್ರವಿದೆ. ಒಂದೇ ಸೂರಿನಡಿ ಎರಡು ಕಚೇರಿ. ಒಂದು ಸಾಲ, ವಿಪತ್ತಿನ ಪರಿಹಾರ ನೋಡುತ್ತದೆ, ಇನ್ನೊಂದು ಮಣ್ಣು ನೀರಿನ ಸಂರಕ್ಷಣೆ. 1930ರ ದಶಕದಲ್ಲಿ ಬರ ಬಂದು ಉತ್ತ ಮಣ್ಣೆಲ್ಲ ಧೂಳಾಗಿ ಹಾರಿಹೋದ ಮೇಲೆ, 1935ರಲ್ಲಿ ಹುಟ್ಟಿದ ಇಲಾಖೆ ಅದು. ದನ ಸಾಕುವವನು ಬೇಲಿ, ನೀರಿನ ತೊಟ್ಟಿ, ಪೈಪು ಹಾಕಿ ಹುಲ್ಲುಗಾವಲನ್ನು ಭಾಗ ಮಾಡಿ ಸರದಿಯಲ್ಲಿ ಮೇಯಿಸಲು ಮುಂದಾದರೆ ಇಕ್ವಿಪ್ ಎಂಬ ಯೋಜನೆಯಲ್ಲಿ ಖರ್ಚಿನ ಮುಕ್ಕಾಲು ಪಾಲಿನವರೆಗೆ ಕೊಡುತ್ತಾರೆ. ಹೊಸದಾಗಿ ಕೃಷಿಗೆ ಇಳಿದವರಿಗೆ ಶೇಕಡಾ 90ರವರೆಗೆ, ಅದರಲ್ಲಿ ಅರ್ಧವನ್ನು ಸಾಮಗ್ರಿ ಕೊಳ್ಳಲು ಮುಂಗಡವಾಗಿ ಪಡೆಯುವ ಅವಕಾಶವೂ ಇದೆ. ಆ ಮುಂಗಡದ ಪದ್ಧತಿ ನಮ್ಮೂರಿಗೂ ಬಂದಿದ್ದರೆ ಎಷ್ಟು ಜನ ಬಡ್ಡಿಯಿಂದ ಉಳಿಯುತ್ತಿದ್ದರು ಎಂದು ನನಗೆ ಯಾವಾಗಲೂ ಅನಿಸುತ್ತದೆ.

ಆದರೆ ಒಪ್ಪಂದಕ್ಕೆ ಸಹಿ ಬೀಳುವ ಮೊದಲು ಬೇಲಿಯ ಒಂದು ಕಂಬ ನೆಟ್ಟರೂ ಆ ಕೆಲಸಕ್ಕೆ ಹಣವಿಲ್ಲ. ಅರ್ಜಿಗೆ ಮುಂಚೆ ಜಾಗಕ್ಕೆ ಒಂದು ಫಾರ್ಮ್ ನಂಬರ್ ಆಗಿರಬೇಕು, ನಿಮ್ಮ ಎಫ್‌ಐಡಿಯ ಹಾಗೆ. ಹಿಮಗಾಳಿಗೆ ದನ ಸತ್ತರೆ ಮಾರುಕಟ್ಟೆ ಬೆಲೆಯ ಶೇಕಡಾ 75 ಪರಿಹಾರವಿದೆ, ಅದಕ್ಕೂ ಫೋಟೋ ಬೇಕು, ಎಷ್ಟು ತಲೆ ಇದ್ದವು ಎಂಬ ಲೆಕ್ಕ ಬೇಕು. ಸಾವಿರ ದನದವನೂ ನಿಮ್ಮ ಹಾಗೆಯೇ ಕಾಗದದ ಚೀಲ ಹಿಡಿದು ಸಾಲಿನಲ್ಲಿ ನಿಲ್ಲುತ್ತಾನೆ.

ಇಲ್ಲಿಂದ ನಾನು ಕಲಿತದ್ದು ಒಂದು ನಿಮಗೆ ಉಪಯೋಗವಾಗಬಹುದು. ಕುಮ್ಕಿ ಗುಡ್ಡೆಗೆ ಎಲ್ಲ ದನಗಳನ್ನೂ ದಿನಾ ಒಂದೇ ಕಡೆ ಬಿಡಬೇಡಿ. ಮನಸ್ಸಿನಲ್ಲೇ ನಾಲ್ಕು ಪಾಲು ಮಾಡಿ, ವಾರಕ್ಕೊಂದು ಪಾಲಿನಲ್ಲಿ ಮೇಯಿಸಿ. ಮೂರು ವಾರ ಬಿಟ್ಟ ಹುಲ್ಲಿಗೆ ಬೇರು ಇಳಿಯುತ್ತದೆ, ಮಳೆಯ ನೀರು ಗುಡ್ಡೆಯಲ್ಲೇ ಇಂಗುತ್ತದೆ. ಆ ನೀರು ಕೊನೆಗೆ ಬರುವುದು ನಿಮ್ಮ ಬಾವಿಗೇ.

---

ಮುನಿಯಾಲಿನ ಅಜ್ಜ, 9 ನವೆಂಬರ್ 2024

ಮಗಳೇ, ಮೊಮ್ಮಗ ಓದಿ ಹೇಳಿದ, ನಾನು ಹೇಳಿದ್ದನ್ನು ಅವನೇ ಬರೆಯುತ್ತಿದ್ದಾನೆ. ಹಟ್ಟಿಗೆ ಏಪ್ರಿಲಿನವರೆಗೆ ಕಾಯಬಹುದು. ಕಟ್ಟಕ್ಕೆ ಕಾಯಲಾಗದು. ತೋಡಿನ ನೀರು ಮೊಣಕಾಲಿಗೆ ಇಳಿದಾಗ ಹಾಕಿದರೆ ಉಂಟು, ಪಾದಕ್ಕೆ ಇಳಿದ ಮೇಲೆ ಹಾಕಿ ಏನು ಪ್ರಯೋಜನ? ದೊಡ್ಡ ಹೊಳೆಗೆ ಸಣ್ಣ ನೀರಾವರಿ ಇಲಾಖೆಯವರು ಪಶ್ಚಿಮವಾಹಿನಿ ಯೋಜನೆಯಲ್ಲಿ ಕಿಂಡಿ ಅಣೆಕಟ್ಟು ಮಾಡುತ್ತಾರೆ. ನಿಮ್ಮ ತೋಡಿಗೆ ಕಲ್ಲಿನ ತಡೆ ಬೇಕೆಂದು ಪಂಚಾಯತಿನ ಪಟ್ಟಿಗೆ ಬರೆಸಿ ಇಡಿ, ಬಂದಾಗ ಬರಲಿ. ಈ ವರ್ಷದ್ದನ್ನು ನಾಲ್ಕು ಮನೆಯವರೇ ಮಾಡಿ. ತೋಡು ಸರಕಾರದ್ದು, ಆದ್ದರಿಂದ ಪಂಚಾಯತಿಗೆ ಒಂದು ಮಾತು ತಿಳಿಸಿ. ಕೆಳಗಿನ ಗದ್ದೆಯವರನ್ನು ಮೊದಲು ಕೇಳಿ, ಅವರಿಗೆ ನೀರು ನಿಲ್ಲಬಾರದು.

ನಾವು ಕಟ್ಟುತ್ತಿದ್ದ ಕ್ರಮ ಹೇಳುತ್ತೇನೆ. ಎರಡೂ ದಡದಲ್ಲಿ ಗಟ್ಟಿ ಮುರ ಇರುವ, ತೋಡು ಕಿರಿದಾಗುವ ಜಾಗ ನೋಡಬೇಕು. ಅಡಿಕೆ ಮರದ ಗೂಟಗಳನ್ನು ಎರಡು ಸಾಲು ಬಡಿಯುವುದು, ನಡುವೆ ಮೂರು ಅಡಿ ಬಿಡುವುದು. ಸಾಲುಗಳಿಗೆ ಒಳಗಿನಿಂದ ಸೋಗೆ, ಸೊಪ್ಪು ಒತ್ತುವುದು. ಆಮೇಲೆ ಅಂಟು ಮಣ್ಣು ಸುರಿದು ತುಳಿಯುವುದು. ತುಳಿಯುವುದೇ ಕಟ್ಟದ ಜೀವ. ಹೆಂಗಸರು, ಮಕ್ಕಳು, ಎಲ್ಲರೂ ಸಾಲಾಗಿ ತುಳಿಯುತ್ತಿದ್ದೆವು, ಕಾಲ ಬೆರಳಿನ ನಡುವೆ ಮಣ್ಣು ಎದ್ದು ಬರುವುದು ನಿಂತರೆ ಗಟ್ಟಿಯಾಯಿತೆಂದು ಲೆಕ್ಕ. ನೀರು ಹೋಗಲು ನಡುವೆ ಒಂದು ಬಾಯಿ ಬಿಟ್ಟಿರಬೇಕು, ಅದನ್ನು ಕಟ್ಟುವುದು ಕೊನೆಗೆ, ಎಲ್ಲರೂ ಒಟ್ಟಿಗೆ, ಒಂದೇ ಉಸಿರಿಗೆ.

ಈಗ ಆಳು ಇಲ್ಲ, ಮರಳಿನ ಗೋಣಿ ಇಡುತ್ತಾರೆ. ಅದೂ ಆಗುತ್ತದೆ. ಗೋಣಿಯನ್ನು ತುಂಬ ತುಂಬಬಾರದು, ಮುಕ್ಕಾಲು ತುಂಬಿ ಬಾಯಿ ಹೊಲಿದರೆ ಚಪ್ಪಟೆಯಾಗಿ ಕೂರುತ್ತದೆ. ಇಟ್ಟಿಗೆಯ ಹಾಗೆ ಸಂದಿಗೆ ಸಂದಿ ತಪ್ಪಿಸಿ ಇಡಿ, ನೀರು ಬರುವ ಬದಿಗೆ ಪ್ಲಾಸ್ಟಿಕ್ ಹಾಳೆ ಹಾಕಿ ಮಣ್ಣು ಮುಚ್ಚಿ. ಮೇ ತಿಂಗಳಲ್ಲಿ ಮಳೆಗೆ ಮುಂಚೆ ಗೋಣಿಗಳನ್ನು ಒಂದೂ ಬಿಡದೆ ತೆಗೆಯಬೇಕು. ತೆಗೆಯದಿದ್ದರೆ ಮೊದಲ ನೆರೆಗೆ ದಡವೇ ಕೊಚ್ಚಿಹೋಗುತ್ತದೆ, ಪ್ಲಾಸ್ಟಿಕ್ಕೆಲ್ಲ ಕಡಲಿಗೆ.

---

ಪೆರ್ಡೂರಿನ ಮಗಳು, 12 ಜನವರಿ 2025

ಇಷ್ಟು ದಿನ ಬರೆಯಲಾಗಲಿಲ್ಲ, ಕ್ಷಮಿಸಿ. ನಡೆದದ್ದನ್ನೆಲ್ಲ ಹೇಳುತ್ತೇನೆ.

ಉದ್ಯೋಗ ಚೀಟಿ ಆಯಿತು. ಗ್ರಾಮಸಭೆಯಲ್ಲಿ ಬೆಳಗ್ಗೆ ಹತ್ತೂವರೆಯಿಂದ ಮಧ್ಯಾಹ್ನ ಎರಡರವರೆಗೆ ಕುಳಿತೆ. ಮೊದಲು ಓದಿದ ಪಟ್ಟಿಯಲ್ಲಿ ನಮ್ಮ ಹೆಸರು ಇರಲಿಲ್ಲ. ಹಿಂಬರಹ ತೋರಿಸಿದ ಮೇಲೆ ಸೇರಿಸಿದರು. ಮಾಜಿ ಸದಸ್ಯರು ಆ ಒಂದು ಮಾತು ಹೇಳದೇ ಇದ್ದಿದ್ದರೆ ನಾನು ಒಂದು ಗಂಟೆಗೇ ಎದ್ದು ಬರುತ್ತಿದ್ದೆ. ಒಪ್ಪಿಗೆ ಪತ್ರಕ್ಕೆ ಬೈಂದೂರಿನ ದೊಡ್ಡಮ್ಮ, ಮಾವ ಸಹಿ ಹಾಕಿದ್ದಾರೆ. ಬೊಂಬಾಯಿಯ ದೊಡ್ಡಮ್ಮ "ಜಾಗ ಹೋಗುತ್ತದೆಯೇ" ಎಂದು ಹೆದರಿದ್ದಾರೆ. ಅಮ್ಮನೇ ಫೋನಿನಲ್ಲಿ ಅರ್ಧ ಗಂಟೆ ಮಾತನಾಡಿದರು, ಹಟ್ಟಿಯ ಬಗ್ಗೆ ಐದು ನಿಮಿಷ, ಉಳಿದದ್ದೆಲ್ಲ ಅಜ್ಜಿಯ ಬಗ್ಗೆ. ಶಿವರಾತ್ರಿಗೆ ಊರಿಗೆ ಬರುತ್ತಾರಂತೆ. ಪೌತಿ ಖಾತೆಯ ಅರ್ಜಿ ಹಾಗೆಯೇ ಕುಳಿತಿದೆ.

ಡೈರಿಯಲ್ಲಿ ಸದಸ್ಯತ್ವ ಇನ್ನೂ ಅಪ್ಪನ ಹೆಸರಿನಲ್ಲೇ ಇತ್ತು. ಈಗ ಅಮ್ಮನದು. ರಬ್ಬರ್ ಹಾಸು ಎರಡು ಬಂದಿವೆ, ಒಂದನ್ನು ಲಕ್ಷ್ಮಿಯ ಕಾಲ ಕೆಳಗೆ ಹಾಕಿದೆ, ಒಂದನ್ನು ಅಮ್ಮ ಹಾಲು ಕರೆಯಲು ಕೂರುವಲ್ಲಿ. ಕರುವಿಗೆ ಏಳು ತಿಂಗಳಾಗಿತ್ತು ತಂಗಿ, ನೀನು ಬರೆದ ವಾರವೇ ಲಸಿಕೆ ಹಾಕಿಸಿದೆ.

ಓಲೆ ಹಾಕುವ ದಿನ ಗಿಡ್ಡಗಳನ್ನು ಗುಡ್ಡೆಗೆ ಬಿಡದೆ ಕಟ್ಟಿದೆವು. ಬೊಳ್ಳಿ, ಕೆಂಪಿ, ತುಂಬೆ ಸುಮ್ಮನಿದ್ದವು. ಕಾಳಿ ಮಾತ್ರ ಹಗ್ಗ ಹರಿದುಕೊಂಡು ತೋಡಿನವರೆಗೆ ಓಡಿದಳು. ಕೊನೆಗೆ ಅಮ್ಮ ಹೋಗಿ ಅಂಗೈಯಲ್ಲಿ ಉಪ್ಪು ಹಿಡಿದು ನಿಂತರು, ಅವಳು ನೆಕ್ಕುತ್ತಿರುವಾಗಲೇ ಒಂದು ಕ್ಷಣದಲ್ಲಿ ಹಾಕಿ ಮುಗಿಸಿದರು. ಆಮೇಲೆ ಓಲೆಯ ತೂತು ಸ್ವಲ್ಪ ಬಾತುಕೊಂಡಿತ್ತು, ಅರಸಿನ ಎಣ್ಣೆ ಹಚ್ಚಿ ಹಚ್ಚಿ ವಾರದಲ್ಲಿ ಮಾಗಿತು. ನಾಲ್ಕಕ್ಕೂ ಫೋಟೋ ತೆಗೆದಿದ್ದೇನೆ. ವಿಮೆಯ ಕಾಗದ ಕೊಟ್ಟಿದ್ದೇನೆ, ಪಾಲಿಸಿ ಬಂದಿಲ್ಲ.

ಡಿಸೆಂಬರ್ 22ರ ಭಾನುವಾರ ಕಟ್ಟ ಹಾಕಿದೆವು. ನಾಲ್ಕು ಮನೆಗಳಲ್ಲಿ ಒಂದಕ್ಕೆ ಈಗ ಬೀಗ, ಆದರೆ ಆಚೆ ಬದಿಯಿಂದ ಎರಡು ಮನೆಯವರು ಬಂದರು. ಒಟ್ಟು ಹದಿಮೂರು ಜನ. ಅಜ್ಜ ಹೇಳಿದ ಹಾಗೆ ಗೋಣಿ ಇಟ್ಟೆವು, ನಡುವೆ ಒಂದು ಸಾಲು ಮಣ್ಣು ಹಾಕಿ ತುಳಿದೆವು. ಎಷ್ಟು ಗೋಣಿ ಇಟ್ಟಿದ್ದೇವೆಂದು ಗೋಡೆಯ ಮೇಲೆ ಬರೆದಿಟ್ಟಿದ್ದೇನೆ, ಮುನ್ನೂರ ಹದಿನೆಂಟು. ಮೇ ತಿಂಗಳಲ್ಲಿ ಅಷ್ಟನ್ನೂ ಎಣಿಸಿ ತೆಗೆಯಬೇಕು. ಬಾಯಿ ಕಟ್ಟಿದ ಮೇಲೆ ನೀರು ಏರುವುದನ್ನು ನೋಡುತ್ತ ಯಾರೂ ಮನೆಗೆ ಹೋಗಲಿಲ್ಲ. ಮರುದಿನ ಬೆಳಗ್ಗೆ ಅಪ್ಪ ಬಟ್ಟೆ ಒಗೆಯುತ್ತಿದ್ದ ಕಲ್ಲು ಮುಳುಗಿತ್ತು. ಬಾವಿಯಲ್ಲಿ ಈಗ ಕಳೆದ ಜನವರಿಗಿಂತ ನಾಲ್ಕು ಮೆಟ್ಟಿಲು ಹೆಚ್ಚು ನೀರಿದೆ. ತೋಡಿನ ಬದಿ ಹತ್ತು ಸೆಂಟ್ಸಿನಲ್ಲಿ ನೇಪಿಯರ್ ಹುಲ್ಲಿನ ಗಣೆ ನೆಟ್ಟಿದ್ದೇನೆ, ಚಿಗುರು ಬಂದಿದೆ. ಗುಡ್ಡೆಯನ್ನು ನಾಲ್ಕು ಪಾಲು ಮಾಡಿ ಮೇಯಿಸಲು ನೋಡಿದೆ, ಆದರೆ ಗಿಡ್ಡಗಳಿಗೆ ಅವುಗಳದ್ದೇ ದಾರಿ ಇದೆ. ಮಳೆ ಬಂದ ಮೇಲೆ ಮತ್ತೆ ಪ್ರಯತ್ನಿಸುತ್ತೇನೆ.

ಮೊನ್ನೆ ಗಣತಿಯವರು ಬಂದಿದ್ದರು, ಒಬ್ಬ ಹುಡುಗಿ, ಮೊಬೈಲ್ ಹಿಡಿದುಕೊಂಡು. ಲಕ್ಷ್ಮಿಯದ್ದು, ಕರುವಿನದ್ದು ಬರೆದಳು. ಗಿಡ್ಡಗಳ ಹತ್ತಿರ ಬಂದಾಗ "ಇವು ನಾಟಿ ಅಲ್ಲವೇ" ಎಂದಳು. ಅಮ್ಮ ಅಂಗಳದ ಕಟ್ಟೆಯಿಂದ ಎದ್ದು ಬಂದು, "ಮಲೆನಾಡು ಗಿಡ್ಡ ಎಂದು ಬರಿ ಮಗಾ, ನಾಲ್ಕು" ಎಂದರು. ಹುಡುಗಿ ಪಟ್ಟಿಯಲ್ಲಿ ಹುಡುಕಿದಳು, ಹೆಸರು ಸಿಕ್ಕಿತು. ಬರೆದದ್ದನ್ನು ಅಮ್ಮನಿಗೆ ತೋರಿಸಿದಳು. ಅಮ್ಮ ಕನ್ನಡಕ ತರಲು ಒಳಗೆ ಹೋದರು, ಅವರು ಬರುವವರೆಗೆ ಅವಳು ಪರದೆ ಆರದಂತೆ ಬೆರಳಿನಿಂದ ತಟ್ಟುತ್ತ ನಿಂತಿದ್ದಳು.